ಮಷಿನ್ ನೆನಪು ಮತ್ತು ನಮ್ಮ ರಜಿಸ್ಟರ್

(ಸಂಘದ ವಾರ್ಷಿಕೋತ್ಸವದ ದಿನ ಸಮಾಜ ಮಂದಿರದಲ್ಲಿ ಮಾಡಿದ ಭಾಷಣ. ಮಾತಾಡಿದ ಹಾಗೆಯೇ ಬರೆದು ಕೊಟ್ಟಿದ್ದೇನೆ, ಅಲ್ಲಲ್ಲಿ ಮಾತ್ರ ತಿದ್ದಿದ್ದೇನೆ.)



ಈ ಸಲ ನೀನೂ ಮಾತಾಡಬೇಕು ಅಂತ ಕಾರ್ಯದರ್ಶಿ ಅಣ್ಣ ಹೇಳಿದಾಗ, "ಬಾಬಾಸಾಹೇಬರು ಮತ್ತು ಶಿಕ್ಷಣ" ಅಂತ ಮಾತಾಡ್ತೀನಿ ಅಂದೆ. "ಅದನ್ನ ನಿನ್ನಕಿಂತ ಚಲೋ ಮಾತಾಡೋರು ನಾಲ್ಕು ಮಂದಿ ಅದಾರ. ನೀನು ಆ ಲ್ಯಾಪ್‌ಟಾಪ್ ಮುಂದ ಕೂತು ಆರು ತಿಂಗಳು ಏನು ಮಾಡಿದಿ, ಅದನ್ನ ಹೇಳು. ಮಂದಿ ಕೇಳ್ಲಿಕತ್ತಾರ" ಅಂದರು. ಹಾಗಾಗಿ ಅದನ್ನೇ ಹೇಳ್ತೀನಿ. ನಾನು ಬಿಎ ಓದುವ ಹುಡುಗ. ಕಂಪ್ಯೂಟರ್ ಸೈನ್ಸ್ ನನ್ನ ವಿಷಯ ಅಲ್ಲ. ಹಾಸ್ಟೆಲಿನಲ್ಲಿ ಜೊತೆಗಿದ್ದ ಬಿಎಸ್ಸಿ ಗೆಳೆಯ ಪೈಥಾನ್ ಕಲಿಸಿದ, ಅದರ ಮೇಲೆ ನಡೆದದ್ದು ಇದೆಲ್ಲ. ತಪ್ಪು ಮಾಡಿದ್ದು ಬಹಳ. ಆ ತಪ್ಪುಗಳನ್ನೇ ಹೆಚ್ಚು ಹೇಳ್ತೀನಿ, ಯಾಕಂದ್ರೆ ಅವು ನಿಮ್ಮ ಕಾಗದಗಳ ಮೇಲೆ ನಡೆದ ತಪ್ಪುಗಳು.

ಕೆಲಸ ಏನು ಅಂತ ನಿಮಗೆ ಗೊತ್ತೇ ಅದ. ಕಾಲೇಜು ಶುರುವಾದ ಮೇಲೆ ಪ್ರತಿ ರವಿವಾರ ಇದೇ ಮಂದಿರದಲ್ಲಿ ಫಾರ್ಮ್ ತುಂಬೋದು ನಡೀತದ. ವಿದ್ಯಾರ್ಥಿವೇತನ, ಹಾಸ್ಟೆಲ್ ಅರ್ಜಿ, ಜಾತಿ ಪ್ರಮಾಣಪತ್ರ, ಅದರ ಪಡತಾಳಣಿ, ಉತ್ಪನ್ನದ ದಾಖಲಾ. ಒಬ್ಬರು ಈ ವಾರ ಬಂದು ಎರಡು ಕಾಗದ ತೋರಿಸ್ತಾರೆ, ಮೂರನೆಯದು ಬೇಕು ಅಂತ ಹೇಳಿ ಕಳಿಸ್ತೀವಿ. ಮುಂದಿನ ವಾರ ಅವರು ಬಂದಾಗ ಕುರ್ಚಿ ಮೇಲೆ ಬೇರೆ ಹುಡುಗ ಇರ್ತಾನೆ. ಅವನು ಮತ್ತೆ ಮೊದಲಿನಿಂದ ಕೇಳ್ತಾನೆ. ಕೂಲಿ ಬಿಟ್ಟು ಬಂದ ತಾಯಿ ಮತ್ತೆ ಎಲ್ಲ ಹೇಳಬೇಕು. ರಜಿಸ್ಟರ್ ಇತ್ತು, ಆದರೆ ಹನ್ನೆರಡು ಜನರ ಹನ್ನೆರಡು ತರದ ಕೈಬರಹ, ಅರ್ಧ ಕನ್ನಡ, ಅರ್ಧ ಮರಾಠಿ. ಹುಡುಕೋದರೊಳಗ ಊಟದ ಹೊತ್ತಾಗ್ತಿತ್ತು.

ಆಗ ನಾವಿಬ್ಬರೂ ಒಂದು ಎಐ ಏಜೆಂಟ್ ಮಾಡೋಣ ಅಂದೆವು. ಏಜೆಂಟ್ ಅಂದ ಕೂಡಲೇ ನಮ್ಮ ಕಾಕಾ "ಕಚೇರಿ ಹೊರಗ ಗಿಡದ ಬುಡಕ ಕೂಡ್ತಾನಲ್ಲ, ಅವನೇನು?" ಅಂದ. ಅವನಲ್ಲ, ಆದರೆ ಕೆಲಸ ಸ್ವಲ್ಪ ಹಂಗೇ. ಭಾಷಾ ಮಾಡೆಲ್ ಅಂತ ಒಂದು ಪ್ರೋಗ್ರಾಂ ಇರ್ತದ. ನಾವು ಕೇಳಿದ್ದನ್ನು ಓದಿ ಉತ್ತರ ಬರೀತದ. ಅದರ ಕೈಗೆ ನಾಲ್ಕು ಸಣ್ಣ ಕೆಲಸ ಕೊಟ್ಟರೆ, ಇದನ್ನ ಹುಡುಕು, ಇದನ್ನ ಬರೆದಿಡು, ಇದನ್ನ ಲೆಕ್ಕ ಹಾಕು ಅಂತ, ಯಾವ ಹೊತ್ತಿನಾಗ ಯಾವುದು ಬೇಕೋ ಅದನ್ನ ತಾನೇ ಆರಿಸಿಕೊಂಡು ಮಾಡ್ತದ. ಅದಕ್ಕೆ ಏಜೆಂಟ್ ಅಂತಾರೆ.

ಅದರ ದೊಡ್ಡ ಕೊರತೆ ಒಂದೇ. ನೆನಪಿಲ್ಲ. ಇವತ್ತು ನಿಮ್ಮ ಜೊತೆ ತಾಸುಗಟ್ಟಲೆ ಮಾತಾಡಿದರೂ, ಮುಚ್ಚಿ ಮತ್ತೆ ತೆರೆದರೆ ನೀವು ಯಾರು ಅಂತ ಅದಕ್ಕ ಗೊತ್ತಿರೋದಿಲ್ಲ. ಎದುರಿಗೆ ಇಟ್ಟ ಹಾಳೆಯಲ್ಲಿ ಏನಿದೆಯೋ ಅಷ್ಟೇ ಅದಕ್ಕೆ ಕಾಣೋದು. ಹಾಗಾಗಿ ನೆನಪನ್ನು ಹೊರಗೆ ಎಲ್ಲಾದರೂ ಇಟ್ಟು, ಬೇಕಾದಾಗ ಬೇಕಾದಷ್ಟು ತೆಗೆದು ಅದರ ಮುಂದೆ ಇಡಬೇಕು. ಆ "ಎಲ್ಲಾದರೂ" ಎಲ್ಲಿ, ಯಾವ ರೂಪದಲ್ಲಿ ಅನ್ನೋದೇ ನನ್ನ ಇವತ್ತಿನ ಮಾತು.

ನಾವು ಆರಿಸಿಕೊಂಡದ್ದು ಹೈಪರ್‌ಡೈಮೆನ್ಷನಲ್ ಕಂಪ್ಯೂಟಿಂಗ್ ಅನ್ನುವ ದಾರಿ. ಹೆಸರು ದೊಡ್ಡದು, ಒಳಗಿನ ಲೆಕ್ಕ ಕೂಡಿಸುವುದು, ಗುಣಿಸುವುದು ಅಷ್ಟೇ. ಫಿನ್‌ಲ್ಯಾಂಡ್ ಮೂಲದ ಪೆಂಟಿ ಕಾನೆರ್ವಾ ಎಂಬ ಸಂಶೋಧಕರು 1988ರಲ್ಲೇ ಇಂಥ ನೆನಪಿನ ಬಗ್ಗೆ ಪುಸ್ತಕ ಬರೆದಿದ್ದಾರೆ. 2009ರಲ್ಲಿ ಈ ಹೆಸರಿಟ್ಟು ಅದನ್ನು ವಿವರಿಸಿ ಬರೆದವರೂ ಅವರೇ. ಅದನ್ನು ಕಂಪ್ಯೂಟರಿನಲ್ಲಿ ಮಾಡಲಿಕ್ಕೆ ಟಾರ್ಚ್‌ಎಚ್‌ಡಿ ಅಂತ ಒಂದು ಲೈಬ್ರರಿ ಅದ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕ್ಯಾಂಪಸ್ಸಿನ ಮೈಕ್ ಹೆಡೆಸ್, ಇಗೊರ್ ನೂನೆಸ್ ಮತ್ತು ಜೊತೆಗಾರರು 2022ರಲ್ಲಿ ಹೊರತಂದದ್ದು. ಪುಕ್ಕಟೆ. ಯಾರೂ ಬಳಸಬಹುದು, ತಿದ್ದಬಹುದು. ಪೈಟಾರ್ಚ್ ಎಂಬ ಇನ್ನೊಂದು ದೊಡ್ಡ ಲೈಬ್ರರಿಯ ಮೇಲೆ ಕೂತು ಕೆಲಸ ಮಾಡ್ತದ, ಅದನ್ನ ಇಳಿಸಲಿಕ್ಕೆ ನನ್ನ ಎರಡು ದಿನದ ಮೊಬೈಲ್ ಡೇಟಾ ಹೋಯ್ತು. ಉಳಿದಂತೆ ಖರ್ಚಿಲ್ಲ. ದೊಡ್ಡ ಗ್ರಾಫಿಕ್ಸ್ ಕಾರ್ಡ್ ಬೇಕಿಲ್ಲ, ಸಂಘದ ಹಳೆ ಲ್ಯಾಪ್‌ಟಾಪಿನಲ್ಲೇ ನಡೀತು.

ಈಗ ಒಳಗೆ ಏನು ನಡೀತದ ಅಂತ ಹೇಳ್ತೀನಿ. ಸ್ವಲ್ಪ ತಾಳ್ಮೆ ಇರಲಿ, ಗಣಿತಕ್ಕೆ ಹೆದರಿ ಬಿಎ ಸೇರಿದ ನನಗೇ ತಿಳಿದದ್ದು ನಿಮಗೆ ತಿಳಿಯದೇ ಇರೋದಿಲ್ಲ.

ಒಂದು ನಾಣ್ಯ ತಗೊಂಡು ಹತ್ತು ಸಾವಿರ ಸಲ ಚಿಮ್ಮಿರಿ. ರಾಜ ಬಿದ್ದರೆ ಪ್ಲಸ್ ಒಂದು, ರಾಣಿ ಬಿದ್ದರೆ ಮೈನಸ್ ಒಂದು. ಬರೆದಿಟ್ಟರೆ ಹತ್ತು ಸಾವಿರ ಮನೆಗಳ ಒಂದು ಉದ್ದ ಸಾಲು ಆಗ್ತದ. ಈ ಸಾಲಿಗೆ "ಉತ್ಪನ್ನದ ದಾಖಲಾ" ಅಂತ ಹೆಸರಿಡಿ. ಮತ್ತೊಮ್ಮೆ ಹತ್ತು ಸಾವಿರ ಸಲ ಚಿಮ್ಮಿ, ಆ ಸಾಲಿಗೆ "ರೇಶನ್ ಕಾರ್ಡ್" ಅಂತ ಹೆಸರಿಡಿ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಸುಮಾರು 5,000 ಮನೆಗಳಲ್ಲಿ ಒಂದೇ ತರ ಇರ್ತದ, ಉಳಿದ 5,000ದಲ್ಲಿ ಉಲ್ಟಾ. ಹೊಂದುವ ಮನೆಗಳು 4,800ಕ್ಕಿಂತ ಕೆಳಗ ಅಥವಾ 5,200ಕ್ಕಿಂತ ಮ್ಯಾಲ ಹೋಗೋದು ಬಹಳ ಅಪರೂಪ. ಅಂದ್ರೆ ಯಾವ ಎರಡು ಸಾಲು ತಗೊಂಡರೂ ಒಂದಕ್ಕೊಂದು ಪೂರಾ ಅಪರಿಚಿತ. ಇದೇ ಇದರ ಶಕ್ತಿ. ಸಾವಿರಾರು ಹೆಸರು, ಸಾವಿರಾರು ಕಾಗದಕ್ಕೆ ಒಂದೊಂದು ಸಾಲು ಕೊಟ್ಟರೂ ಒಂದರ ಕಾಲು ಇನ್ನೊಂದಕ್ಕ ಸಿಗೋದಿಲ್ಲ.

ಇನ್ನು ಮೂರು ಕೆಲಸ. ಎರಡು ಸಾಲನ್ನು ಮನೆಗೆ ಮನೆ ಗುಣಿಸಿದರೆ ಅದು ಕಟ್ಟುವುದು, ಬೈಂಡ್. "ಬಾಕಿ ಕಾಗದ" ಅನ್ನುವ ಖಾನೆಯನ್ನು "ಉತ್ಪನ್ನದ ದಾಖಲಾ" ಎಂಬ ಸಾಲಿಗೆ ಗುಣಿಸಿದರೆ ಎರಡನ್ನೂ ಹೋಲದ ಮೂರನೇ ಸಾಲು ಬರ್ತದ, ಬೀಗ ಹಾಕಿದ ಹಾಗೆ. ಅದನ್ನೇ ಮತ್ತೆ "ಬಾಕಿ ಕಾಗದ"ದಿಂದ ಗುಣಿಸಿ, ಮೈನಸ್ ಗುಣಿಸು ಮೈನಸ್ ಪ್ಲಸ್ ಆಗ್ತದಲ್ಲ, ಬೀಗ ತೆರೆದು "ಉತ್ಪನ್ನದ ದಾಖಲಾ" ಹೊರಗ ಬರ್ತದ. ಎರಡನೆಯದು ಕೂಡಿಸುವುದು, ಬಂಡಲ್. ಐದು ಕಟ್ಟುಗಳನ್ನು ಕೂಡಿಸಿ ಒಂದೇ ಸಾಲು ಮಾಡಿದರೆ ಆ ಒಂದು ಸಾಲು ಐದನ್ನೂ ಸ್ವಲ್ಪ ಸ್ವಲ್ಪ ಹೋಲ್ತದ. ಒಬ್ಬ ವಿದ್ಯಾರ್ಥಿಯ ಹೆಸರು, ಕಾಲೇಜು, ವರ್ಷ, ಕೊಟ್ಟ ಕಾಗದ, ಬಾಕಿ ಕಾಗದ, ಎಲ್ಲ ಒಂದೇ ಸಾಲಿನಲ್ಲಿ. ಮೂರನೆಯದು ಸಾಲನ್ನು ಒಂದು ಮನೆ ಸರಿಸುವುದು. ಮೊದಲು ಯಾವುದು ಆಮೇಲೆ ಯಾವುದು ಅನ್ನೋ ಕ್ರಮ ಹೇಳಲಿಕ್ಕೆ ಇದು ಬೇಕಾಗ್ತದ. ಮುಂದೆ ಅದರ ಮಾತು ಬರ್ತದ.

ಸಾಲಿನಿಂದ ಉತ್ತರ ತೆಗೆದಾಗ ಅದು ಸ್ವಚ್ಛ ಇರೋದಿಲ್ಲ, ಉಳಿದ ನಾಲ್ಕರ ಗದ್ದಲ ಕೂಡಿರ್ತದ. ಹಾಗಾಗಿ ನಮ್ಮ ಹತ್ತಿರ ಇರುವ ಎಲ್ಲ ಕಾಗದಗಳ ಸಾಲಿನ ಜೊತೆ ಹೋಲಿಸಿ, ಯಾವುದಕ್ಕೆ ಹೆಚ್ಚು ಹೋಲ್ತದೋ ಅದೇ ಉತ್ತರ ಅಂತ ತಗೋತೀವಿ. ಐದು ಕಟ್ಟಿನ ಸಾಲಿನಲ್ಲಿ ಸರಿ ಉತ್ತರಕ್ಕೆ ಹೋಲಿಕೆ 0.45ರ ಸುತ್ತ ಬರ್ತದ, ಬೇರೆಯವಕ್ಕೆ ಸೊನ್ನೆಯ ಸುತ್ತ. ಸಂಶಯವೇ ಇಲ್ಲ.

ಇದರಲ್ಲಿ ನನಗೆ ಮೊದಲು ಹುಚ್ಚು ಹಿಡಿಸಿದ್ದು ಒಂದು ಆಟ. 2010ರಲ್ಲಿ ಕಾನೆರ್ವಾ ಒಂದು ಪ್ರಶ್ನೆ ಇಟ್ಟರು: ಮೆಕ್ಸಿಕೋದ ಡಾಲರ್ ಯಾವುದು? ಮೆಕ್ಸಿಕೋದಲ್ಲಿ ಡಾಲರ್ ಇಲ್ಲ, ಆದರೆ ಕೇಳಿದವರ ಮನಸ್ಸು ನಮಗೆ ತಿಳೀತದ, ಪೇಸೊ ಅಂತೀವಿ. ಎರಡು ದೇಶದ ಸಾಲುಗಳನ್ನು ಒಂದಕ್ಕೊಂದು ಗುಣಿಸಿ, ಮತ್ತೆ ಡಾಲರಿನಿಂದ ಗುಣಿಸಿದರೆ ಪೇಸೊ ಬರ್ತದ. ನಾವು ಗಡಿಯ ಮಂದಿ, ಇಂಥ ಪ್ರಶ್ನೆ ದಿನಾ ಕೇಳ್ತೀವಿ. ಇಂಡಿ, ಅಫಜಲಪುರ ಕಡೆಯಿಂದ ನಮ್ಮ ಅಕ್ಕಲಕೋಟ ತಾಲೂಕಿಗೆ ಲಗ್ನ ಆಗಿ ಬಂದ ಸೊಸೆಯಂದಿರು "ಪಹಣಿ ಎಲ್ಲಿ ತಗೀತಾರ?" ಅಂತ ಕೇಳ್ತಾರ. ಇಲ್ಲಿ ಪಹಣಿ ಇಲ್ಲ, ಸಾತಬಾರಾ ಅದ.

ನಾವು ಹಂಗೇ ಮಾಡಿದೆವು. ಕರ್ನಾಟಕದ ಸಾಲಿನಲ್ಲಿ ರಾಜಧಾನಿ ಬೆಂಗಳೂರು, ಹೊಲದ ಕಾಗದ ಪಹಣಿ, ಊರಿನ ಕಂದಾಯದವರು ಗ್ರಾಮ ಲೆಕ್ಕಿಗ, ಹನ್ನೆರಡನೇ ತರಗತಿ ಪಿಯುಸಿ. ಮಹಾರಾಷ್ಟ್ರದ ಸಾಲಿನಲ್ಲಿ ಮುಂಬೈ, ಸಾತಬಾರಾ, ತಲಾಠಿ, ಬಾರಾವಿ. ಎರಡನ್ನೂ ಗುಣಿಸಿ ಪಹಣಿಯಿಂದ ಕೇಳಿದರೆ ಸಾತಬಾರಾ ಬಂತು, ಹೋಲಿಕೆ 0.25ರ ಹತ್ತಿರ. ಗ್ರಾಮ ಲೆಕ್ಕಿಗನಿಂದ ಕೇಳಿದರೆ ತಲಾಠಿ. ರಾತ್ರಿ ಹನ್ನೊಂದಕ್ಕೆ ನಾವಿಬ್ಬರೂ ಎದ್ದು ಕುಣಿದೆವು. ಪಹಣಿಗೂ ಸಾತಬಾರಾಕ್ಕೂ ಸಂಬಂಧ ಅದ ಅಂತ ನಾವು ಎಲ್ಲೂ ಬರೆದಿರಲಿಲ್ಲ. ಎರಡೂ ಒಂದೇ ಖಾನೆಯಲ್ಲಿ ಕೂತಿದ್ದವು ಅಷ್ಟೇ.

ಕುಣಿದದ್ದು ಬಹಳ ದಿನ ಉಳೀಲಿಲ್ಲ.

ಮೊದಲನೇ ಪೆಟ್ಟು ಮರುದಿನ ಮುಂಜಾನೆಯೇ. ಲ್ಯಾಪ್‌ಟಾಪ್ ಚಾಲು ಮಾಡಿದರೆ ಏನು ಕೇಳಿದರೂ ಹುಚ್ಚುಹುಚ್ಚು ಉತ್ತರ. ಎಲ್ಲ ಹೋಲಿಕೆ ಸೊನ್ನೆ. ಕಾರಣ ಏನು ಅಂದ್ರೆ, ನಾವು ಕೂಡಿಸಿದ ನೆನಪನ್ನು ಮಾತ್ರ ಸೇವ್ ಮಾಡಿದ್ವಿ, ಯಾವ ಪದಕ್ಕೆ ಯಾವ ಸಾಲು ಅನ್ನುವ ಪಟ್ಟಿಯನ್ನ ಸೇವ್ ಮಾಡಿರಲಿಲ್ಲ. ಪ್ರೋಗ್ರಾಂ ಹೊಸದಾಗಿ ನಾಣ್ಯ ಚಿಮ್ಮಿ ಎಲ್ಲರಿಗೂ ಹೊಸ ಸಾಲು ಕೊಟ್ಟಿತ್ತು. ಬೀಗ ಹಳೇದು, ಚಾವಿ ಹೊಸದು. ಇದನ್ನ ಮಾಡುವವರು ನಿಮ್ಮಲ್ಲಿ ಯಾರಾದರೂ ಇದ್ದರೆ ನೆನಪಿಡಿ: ಮೊದಲು ಪದಗಳ ಪಟ್ಟಿ ಸೇವ್ ಮಾಡಿ, ನೆನಪು ಆಮೇಲೆ.

ಎರಡನೇದು ದೊಡ್ಡ ತಪ್ಪು. ಒಬ್ಬರಿಗೆ ಒಂದು ಸಾಲು ಯಾಕೆ, ಎಲ್ಲರನ್ನೂ ಒಂದೇ ಸಾಲಿನಲ್ಲಿ ಕೂಡಿಸೋಣ ಅಂತ ನನಗೆ ಅನ್ನಿಸ್ತು. ಇಡೀ ಓಣಿ ಒಂದು ಸಾಲಿನಲ್ಲಿ! ಕೇಳಲಿಕ್ಕೆ ಎಷ್ಟು ಚೆಂದ. ಇನ್ನೂರಕ್ಕೂ ಮಿಕ್ಕಿ ಅರ್ಜಿ, ಒಂದೊಂದಕ್ಕೆ ಐದು ಖಾನೆ, ಅಂದ್ರೆ ಸಾವಿರದ ಮೇಲೆ ಕಟ್ಟುಗಳನ್ನು ಕೂಡಿಸಿಬಿಟ್ಟೆ. ಸಾವಿರ ಕಟ್ಟು ಕೂಡಿದರೆ ಒಂದೊಂದರ ಪಾಲು ಎಷ್ಟು ಉಳೀತದ? 0.03. ಗದ್ದಲವೇ 0.01, 0.02 ಇರ್ತದ, ಒಮ್ಮೊಮ್ಮೆ 0.03ಕ್ಕೂ ಹೋಗ್ತದ. ಜಾತ್ರೆಯಾಗ ಅವ್ವ ಕರೆದ ದನಿ ಕೇಳಿದ ಹಾಗೆ ಆಗ್ತದ, ಅವ್ವನೋ ಮತ್ಯಾರೋ.

ಅದರ ಮೇಲೆ ಇನ್ನೊಂದು ಮಾಡಿದ್ದೆ. ಹೆಸರು ಬರೆಯುವಾಗ ಒಬ್ಬೊಬ್ಬರು ಒಂದೊಂದು ತರ ಬರೀತಾರಲ್ಲ, ಅದಕ್ಕ ಹೆಸರಿಗೆ ನಾಣ್ಯ ಚಿಮ್ಮಿದ ಸಾಲು ಕೊಡದೆ, ಅಕ್ಷರಗಳಿಂದ ಸಾಲು ಕಟ್ಟಿದ್ದೆ. ಹೋಲುವ ಹೆಸರಿಗೆ ಹೋಲುವ ಸಾಲು. ನಮ್ಮ ಕಡೆ ಹೆಸರು ಹೆಂಗಿರ್ತಾವ ಅಂತ ಗೊತ್ತಲ್ಲ, ತನ್ನ ಹೆಸರು, ತಂದೆ ಹೆಸರು, ಅಡ್ಡಹೆಸರು. ಒಂದೇ ಓಣಿಯ ಇಬ್ಬರು ತಂಗಿಯರು, ಕಾಕಾ-ದೊಡ್ಡಪ್ಪನ ಮಕ್ಕಳು. ತಮ್ಮ ಹೆಸರೂ ಒಂದೇ, ಅಡ್ಡಹೆಸರೂ ಒಂದೇ, ತಂದೆ ಹೆಸರು ಮಾತ್ರ ಬೇರೆ. ಒಬ್ಬಳದು ಉತ್ಪನ್ನದ ದಾಖಲಾ ಬಂದಿತ್ತು, ಇನ್ನೊಬ್ಬಳದು ಬಂದಿರಲಿಲ್ಲ. ಬಾರದವಳ ಬಗ್ಗೆ ಏಜೆಂಟನ್ನು ಕೇಳಿದರೆ, "ಎಲ್ಲ ಕಾಗದ ಪೂರ್ಣ ಇವೆ, ಚಿಂತೆ ಬೇಡ" ಅಂತ ಸ್ವಚ್ಛ ಕನ್ನಡದಲ್ಲಿ ಬರೀತು. ಅವಳು ಚಿಂತೆ ಬಿಟ್ಟು ಮನೆಗೆ ಹೋದಳು.

ಗೊತ್ತಾಗಿದ್ದು ಕೊನೆಯ ತಾರೀಖಿಗೆ ಎರಡು ದಿನ ಇದ್ದಾಗ. ಅದೂ ಮಷಿನ್ ಹೇಳಲಿಲ್ಲ. ಹಳೆ ರಜಿಸ್ಟರ್ ತಿರುವಿ ಹಾಕ್ತಿದ್ದ ನಮ್ಮ ಖಜಾಂಚಿ ಅಕ್ಕ, "ಇಕಿ ದಾಖಲಾ ಎಲ್ಲಿ ಬಂದದ? ಅಕಿದು ಬಂದದ, ಇಕಿದಲ್ಲ" ಅಂದರು. ಆ ತಂಗಿಯ ಅಪ್ಪ ಕಬ್ಬು ಕಡೀಲಿಕ್ಕೆ ಹೋಗಿದ್ದರು. ಅವ್ವನೇ ಒಂದು ದಿನದ ಕೂಲಿ ಬಿಟ್ಟು, ನಮ್ಮ ಹುಡುಗನ ಗಾಡಿ ಮೇಲೆ ಓಡಾಡಿ ಕಾಗದ ಮಾಡಿಸಿದರು. ಅರ್ಜಿ ಹೋಯ್ತು. ಹೋಗದೇ ಇದ್ದಿದ್ದರೆ ಆ ವರ್ಷದ ಅವಳ ಫೀ ಯಾರು ಕಟ್ಟಬೇಕಿತ್ತು? ಆ ತಂಗಿ ಇಲ್ಲೇ ಕೂತಿದ್ದಾಳೆ. ಅವಳ ಮುಂದೆ ಇದನ್ನ ಹೇಳಬೇಕು ಅಂತಲೇ ಭಾಷಣಕ್ಕೆ ಒಪ್ಪಿದೆ. ತಪ್ಪು ಲೈಬ್ರರಿಯದಲ್ಲ, ನನ್ನದು.

ಆಮೇಲೆ ಕೂತು ನೋಡಿದಾಗ ಎರಡು ವಿಷಯ ಕಂಡವು. ಒಂದು, ನೆನಪಿನಿಂದ ಬಂದ ಹೋಲಿಕೆ 0.03 ಇತ್ತು. ಸಂಖ್ಯೆ ತಾನು ದುರ್ಬಲ ಅಂತ ಪ್ರಾಮಾಣಿಕವಾಗಿ ಹೇಳ್ತಿತ್ತು. ಆದರೆ ಅದನ್ನ ನಾವು ಭಾಷಾ ಮಾಡೆಲಿಗೆ ಕೊಡ್ತಾ ಇರಲಿಲ್ಲ, ಉತ್ತರ ಮಾತ್ರ ಕೊಡ್ತಿದ್ವಿ. ಅದು ಗಟ್ಟಿ ದನಿಯಲ್ಲಿ ಹೇಳಿಬಿಡ್ತು. ಎರಡು, ಒಬ್ಬರಿಗೆ ಒಂದು ಸಾಲು ಇಟ್ಟರೆ ಜಾಗವೇನೂ ಬಹಳ ಬೇಡ. ಒಂದು ಸಾಲಿಗೆ 40 ಕಿಲೋಬೈಟ್, ಇನ್ನೂರು ಜನಕ್ಕೆ 8 ಎಂಬಿ. ಮೊಬೈಲಿನ ಎರಡು ಫೋಟೋದಷ್ಟು. ಅಷ್ಟು ಉಳಿಸಲಿಕ್ಕೆ ಹೋಗಿ ಒಬ್ಬಳ ವರ್ಷ ಕಳೀತಿದ್ದೆ.

ಈಗ ಅಕ್ಷರಗಳ ಮಾತಿಗೆ ಬರ್ತೀನಿ. ಇದು ನಮಗೆ ಬಹಳ ಹತ್ತಿರದ್ದು.

ಪದವನ್ನು ಮೂರು ಮೂರು ಅಕ್ಷರದ ತುಂಡು ಮಾಡಿ, ಆ ತುಂಡುಗಳ ಸಾಲನ್ನು ಕೂಡಿಸುವ ಪದ್ಧತಿ ಅದ. ತುಂಡಿನೊಳಗೆ ಯಾವ ಅಕ್ಷರ ಮೊದಲು ಅಂತ ಹೇಳಲಿಕ್ಕೆ ಆಗಲೇ ಹೇಳಿದ ಸರಿಸುವ ಕೆಲಸ ಬೇಕು. ಕಾನೆರ್ವಾ ಮತ್ತು ಜೊತೆಯವರು ಇದರಿಂದಲೇ 21 ಯುರೋಪಿನ ಭಾಷೆಗಳನ್ನು ಯಾವುದು ಯಾವುದು ಅಂತ ಗುರುತಿಸಿ ತೋರಿಸಿದ್ದಾರೆ. ಟಾರ್ಚ್‌ಎಚ್‌ಡಿಯಲ್ಲಿ ಇದಕ್ಕೆ ಒಂದೇ ಸಾಲಿನ ಆಜ್ಞೆ ಸಾಕು. ಕನ್ನಡಕ್ಕೆ ಒಂದು ತೊಡಕು. "ಲೆ" ನಮಗೆ ಒಂದು ಅಕ್ಷರ, ಕಂಪ್ಯೂಟರಿಗೆ ಎರಡು: ಲ ಮತ್ತು ಎತ್ವದ ಗುರುತು. ನಾವು ಕಂಪ್ಯೂಟರಿನ ಲೆಕ್ಕವನ್ನೇ ಹಿಡಿದೆವು.

ಮಹಾರಾಷ್ಟ್ರದ ಅನುಸೂಚಿತ ಜಾತಿಗಳ ಪಟ್ಟಿಯಲ್ಲಿ ಒಂದೇ ನಂಬರಿನ ಕೆಳಗೆ ನಾಲ್ಕು ಬರವಣಿಗೆ ಇವೆ: ಹೊಲಯ, ಹೊಲೆರ, ಹೊಲೆಯ, ಹೊಲಿಯ. ಬಾಯಿಬಿಟ್ಟು ಹೇಳಲಿಕ್ಕೆ ನನಗೆ ನಾಚಿಕೆ ಇಲ್ಲ, ಆ ಹೆಸರನ್ನು ಬೈಗುಳ ಮಾಡಿಕೊಂಡವರಿಗೆ ಇರಬೇಕು. ಅದರ ಪಕ್ಕದಲ್ಲೇ ಬೇರೆ ನಂಬರಿನಲ್ಲಿ ಹೊಲಾರ, ವಲ್ಹಾರ ಅಂತ ಇದೆ. ಅವರು ಬೇರೆ ಸಮುದಾಯ, ಬೇರೆ ನಮೂದು. ಈಗ ಮಷಿನ್ನಿಗೆ ಕೊಟ್ಟು ನೋಡಿ. ಹೊಲೆಯ ಮತ್ತು ಹೊಲಿಯ, ಒಂದೇ ನಮೂದಿನವು, ಮೂರು ತುಂಡಿನಲ್ಲಿ ಒಂದು ಹೊಂದ್ತದ, ಹೋಲಿಕೆ 0.33. ಹೊಲೆರ ಮತ್ತು ಹೊಲಾರ, ಬೇರೆ ಬೇರೆ ನಮೂದಿನವು, ಅಲ್ಲೂ ಮೂರರಲ್ಲಿ ಒಂದೇ, 0.33. ಎರಡಕ್ಕೂ ಅದೇ ಅಂಕಿ!

ಇನ್ನೂ ಒಂದು ಮಾಡಿದೆವು. ನಮ್ಮ ಅಜ್ಜಂದಿರಲ್ಲಿ ಶಾಲೆ ಕಂಡವರ ಹೆಸರು ಕನ್ನಡ ಶಾಲೆಯ ರಜಿಸ್ಟರಿನಲ್ಲಿ ಕನ್ನಡದಲ್ಲಿದೆ. ಮುಂದೆ ಅದು ಮರಾಠಿಗೆ ಹೋಗ್ತದ. ಮರಾಠಿ ಬರಹದಲ್ಲಿ ನಮ್ಮ ಹಾಗೆ ಗಿಡ್ಡ ಎ, ಗಿಡ್ಡ ಒ ಬೇರೆ ಇಲ್ಲ. ಆ ಮರಾಠಿ ಕಾಗದವನ್ನು ನೋಡಿ ನಮ್ಮ ಹುಡುಗ ವಾಪಸ್ ಕನ್ನಡದಲ್ಲಿ ಬರೆದರೆ "ಹೋಲೇಯ" ಆಗ್ತದ. ಹೊಲೆಯ, ಹೋಲೇಯ. ಕಣ್ಣಿಗೆ ಒಂದೇ ಪದ. ಮಷಿನ್ ಲೆಕ್ಕದಲ್ಲಿ ಒಂದು ತುಂಡೂ ಹೊಂದೋದಿಲ್ಲ. ಹೋಲಿಕೆ ಸೊನ್ನೆ. ಅಜ್ಜ ಮತ್ತು ಮೊಮ್ಮಗ ಪೂರಾ ಅಪರಿಚಿತರು.

ಇದು ಆಟದ ಮಾತಲ್ಲ. ಈ ರಾಜ್ಯದಲ್ಲಿ ಜಾತಿ ಪ್ರಮಾಣಪತ್ರಕ್ಕೆ 1950ರ ಆಗಸ್ಟ್ 10ರ ಹಿಂದೆ ನಮ್ಮ ಹಿರಿಯರು ಇಲ್ಲಿದ್ದರು ಅನ್ನೋ ಪುರಾವೆ ಕೇಳ್ತಾರ. ಅನುಸೂಚಿತ ಜಾತಿಗಳ ರಾಷ್ಟ್ರಪತಿ ಆದೇಶ ಬಂದ ದಿನ ಅದು. ಆಗ ನಮ್ಮ ಅಕ್ಕಲಕೋಟ ಸಂಸ್ಥಾನ ಮುಂಬೈ ರಾಜ್ಯಕ್ಕೆ ಸೇರಿ ಎರಡು ವರ್ಷ ಆಗಿತ್ತು ಅಷ್ಟೇ. ಅಷ್ಟು ಹಳೆಯ ಒಂದು ಕಾಗದ, ಅದರ ಮೇಲಿನ ಒಂದು ಕೊಂಬು, ಒಂದು ದೀರ್ಘದ ಮೇಲೆ ಮೊಮ್ಮಗಳ ಇಂಜಿನಿಯರಿಂಗ್ ಸೀಟು ನಿಂತಿರ್ತದ. ಅಲ್ಲಿ "ಸುಮಾರು ಹೋಲ್ತದ" ಅನ್ನೋ ಮಾತು ನಡೆಯೋದಿಲ್ಲ. ಹೋಲಿಕೆ ನೋಡಿಯೇ ಮಂದಿ ನಮ್ಮನ್ನ ಯಾವ ಓಣಿಯವ, ಯಾರ ಪೈಕಿ ಅಂತ ಅಳೆದದ್ದು. ಮತ್ತೆ ಅದನ್ನೇ ನಾವು ಮಷಿನ್‌ಗೆ ಕಲಿಸಬೇಕೇನು? ಹಾಗಾಗಿ ನಾವು ಒಂದು ಪದ್ಧತಿ ಮಾಡಿಕೊಂಡೆವು. ಹುಡುಕಲಿಕ್ಕೆ ಹೋಲಿಕೆ ಬಳಸೋದು, ಹಿಂಗಿದ್ದವರು ಇವರಿರಬಹುದೇನು ಅಂತ ನಾಲ್ಕು ಹೆಸರು ತೋರಿಸಲಿ. ಯಾರು ಅಂತ ತೀರ್ಮಾನ ಮಾಡೋದು, ಕಾಗದದಲ್ಲಿ ಅಕ್ಷರಕ್ಕೆ ಅಕ್ಷರ ಏನಿದೆ ಅನ್ನೋದು, ರಜಿಸ್ಟರಿನಿಂದ. ಅರ್ಜಿಗೆ ಒಂದು ನಂಬರು ಕೊಟ್ಟು, ಆ ನಂಬರಿಗೆ ನಾಣ್ಯ ಚಿಮ್ಮಿದ ಸಾಲು ಕೊಟ್ಟೆವು. ನಂಬರು ನಂಬರನ್ನು ಹೋಲೋದಿಲ್ಲ. ಆ ಇಬ್ಬರು ತಂಗಿಯರು ಈಗ ಬೇರೆ ಬೇರೆ.

ಇನ್ನೊಂದು ಪ್ರಸಂಗ ಹೇಳಬೇಕು, ಅದು ಮರೆಯುವುದರ ಬಗ್ಗೆ. ನಮ್ಮ ಓಣಿಯ ಒಬ್ಬ ಅಣ್ಣ, ಈಗ ದೊಡ್ಡ ಶಹರದಲ್ಲಿ ನೌಕರಿ, ಫೋನ್ ಮಾಡಿದ. ಅಡ್ಡಹೆಸರು ಬದಲಿಸಿಕೊಂಡಿದ್ದಾನೆ. ಯಾಕೆ ಅಂತ ನಾನು ಕೇಳಲಿಲ್ಲ, ನೀವೂ ಕೇಳೋದಿಲ್ಲ. "ನನ್ನ ಹಳೆ ಅರ್ಜಿ ನಿಮ್ಮ ಕಂಪ್ಯೂಟರ್‌ದಾಗ ಅದ ಅಂತಲ್ಲ, ಅದನ್ನ ತೆಗೀರಿ" ಅಂದ. ಆಯ್ತು ಅಂದೆ. ತೆಗೆಯಲಿಕ್ಕೆ ಹೋದರೆ ಬರಲಿಲ್ಲ. ಕೂಡಿಸಿದ ಸಾಲಿನಿಂದ ಒಬ್ಬರನ್ನು ತೆಗೆಯಬೇಕಾದರೆ ಅವರದು ಎಷ್ಟು ಕೂಡಿಸಿದ್ದೆವೋ ಅಷ್ಟನ್ನೇ ಕಳೆಯಬೇಕು. ಆದರೆ ನಾನು ಹಳೆಯ ಆ ದೊಡ್ಡ ಸಾಲನ್ನು ಸಣ್ಣದು ಮಾಡಲಿಕ್ಕೆ ಹೋಗಿ, ಒಟ್ಟು ಮೊತ್ತ ಪ್ಲಸ್ ಇದ್ದಲ್ಲಿ ಒಂದು, ಮೈನಸ್ ಇದ್ದಲ್ಲಿ ಮೈನಸ್ ಒಂದು ಅಂತ ಕತ್ತರಿಸಿಬಿಟ್ಟಿದ್ದೆ. ಲೈಬ್ರರಿಯಲ್ಲಿ ಅದಕ್ಕೂ ಒಂದು ಆಜ್ಞೆ ಇದೆ. ಕತ್ತರಿಸಿದ ಮೇಲೆ ಯಾರ ಪಾಲು ಎಷ್ಟು ಅಂತ ಉಳಿಯೋದಿಲ್ಲ. ಅವನು ಅದರಲ್ಲಿ ಸರಿಯಾಗಿ ಸಿಗೋದೂ ಇಲ್ಲ, ಪೂರ್ತಿ ಹೋಗೋದೂ ಇಲ್ಲ. ನಾನು ಆ ಸಾಲನ್ನೇ ಅಳಿಸಿ, ರಜಿಸ್ಟರ್ ನೋಡಿ, ಅವನನ್ನು ಬಿಟ್ಟು ಎಲ್ಲರದೂ ಮತ್ತೆ ಕಟ್ಟಿದೆ. ಎರಡು ರಾತ್ರಿ ಹಿಡೀತು. ಒಬ್ಬರಿಗೆ ಒಂದೇ ಸಾಲು ಇದ್ದಿದ್ದರೆ ಒಂದು ಫೈಲು ಅಳಿಸಿದರೆ ಮುಗೀತಿತ್ತು.

ಆವತ್ತೇ ಖಾನೆಗಳ ಬಗ್ಗೆಯೂ ಕೂತು ಮಾತಾಡಿದೆವು. ನಮ್ಮ ನೆನಪಿನಲ್ಲಿ "ಓಣಿ" ಅಂತ ಒಂದು ಖಾನೆ ಇತ್ತು. ಯಾಕಿತ್ತು? ಫಾರ್ಮಿನಲ್ಲಿ ವಿಳಾಸ ಕೇಳ್ತಾರೆ ಅಂತ ಹಾಕಿದ್ವಿ. ಆದರೆ ಪಹಣಿಯಿಂದ ಸಾತಬಾರಾ ತೆಗೆದ ಅದೇ ಗುಣಾಕಾರ, ಓಣಿಯಿಂದ ಜಾತಿಯನ್ನೂ ತೆಗೀತದ. ಆ ಸಂಬಂಧವನ್ನು ಯಾರೂ ಬರೆದಿಡದಿದ್ದರೂ ತೆಗೀತದ. ನಾವು ಆ ಖಾನೆ ತೆಗೆದುಹಾಕಿದೆವು. ವಿಳಾಸ ರಜಿಸ್ಟರಿನಲ್ಲಿದೆ, ಕಪಾಟಿನಲ್ಲಿದೆ, ಚಾವಿ ಅಕ್ಕನ ಹತ್ತಿರ ಇದೆ.

ಕೆಲವರು ಕೇಳಿದ್ರಿ, ಇದು ಹತ್ತು ಸಾವಿರ ಅಂಕಿ ಅಲ್ಲ, ಯಾರಿಗೆ ಓದಲಿಕ್ಕೆ ಬರ್ತದ, ಗುಪ್ತವೇ ಅಲ್ಲವೇ ಅಂತ. ಅಲ್ಲ. ಪದಗಳ ಪಟ್ಟಿ ಕೈಯಲ್ಲಿದ್ದರೆ ಯಾರೂ ಓದಬಹುದು. ಆ ಪಟ್ಟಿ ಇರುವ ಲ್ಯಾಪ್‌ಟಾಪ್ ಮಂದಿರ ಬಿಟ್ಟು ಹೊರಗ ಹೋಗೋದಿಲ್ಲ. ಆದರೆ ಭಾಷಾ ಮಾಡೆಲ್ ನಮ್ಮ ಲ್ಯಾಪ್‌ಟಾಪಿನಲ್ಲಿಲ್ಲ, ದೂರದ ಕಂಪನಿಯ ಕಂಪ್ಯೂಟರಿನಲ್ಲಿದೆ. ನೀವು ಏನು ಕೇಳ್ತೀರೋ, ನೆನಪಿನಿಂದ ಏನು ತೆಗೆದು ಅದರ ಮುಂದೆ ಇಡ್ತೀವೋ, ಅದು ಅಲ್ಲಿಗೆ ಹೋಗ್ತದ. ಹಾಗಾಗಿ ಈಗ ಹೆಸರು ಕಳಿಸೋದಿಲ್ಲ. ಅರ್ಜಿ ನಂಬರು, ಬಾಕಿ ಕಾಗದದ ಹೆಸರು, ಹೋಲಿಕೆಯ ಅಂಕಿ, ಇಷ್ಟೇ ಹೋಗ್ತದ. ಅಂಕಿ 0.2ಕ್ಕಿಂತ ಕಡಿಮೆ ಇದ್ದರೆ ಏಜೆಂಟ್ ಬರೆಯಬೇಕಾದ ವಾಕ್ಯ ಒಂದೇ: "ನನಗೆ ಗೊತ್ತಿಲ್ಲ, ರಜಿಸ್ಟರ್ ನೋಡಿ."

ಇಷ್ಟಾದ ಮೇಲೆ ನಮ್ಮ ಕಾಕಾ ಕೇಳಿದ ಪ್ರಶ್ನೆ ಉಳೀತದ: "ಕಡೀಕ ರಜಿಸ್ಟರೇ ನೋಡೋದಾದರ ಇದೆಲ್ಲ ಯಾಕ ಬೇಕಿತ್ತೋ ತಮ್ಮಾ?" ನ್ಯಾಯವಾದ ಪ್ರಶ್ನೆ. ಬರೇ ಇನ್ನೂರು ಹೆಸರು ಹುಡುಕಲಿಕ್ಕಾದರೆ ಬೇಕಾಗಿರಲಿಲ್ಲ, ಒಂದು ಎಕ್ಸೆಲ್ ಹಾಳೆ ಸಾಕಿತ್ತು. ಇದನ್ನ ನಾನು ಒಪ್ಕೋತೀನಿ. ಉಪಯೋಗ ಆದದ್ದು ಬೇರೆ ಕಡೆ. ಹೊಸದಾಗಿ ಒಬ್ಬರು ಬಂದು ತಮ್ಮ ತೊಡಕು ಹೇಳಿದಾಗ, ಅಜ್ಜನ ದಾಖಲಾ ಕನ್ನಡದಾಗ ಅದ, ಅಡ್ಡಹೆಸರು ಬೇರೆ ಬಂದದ, ಅಪ್ಪನ ಶಾಲೆ ಗಡಿ ಆಚೆ ಆಗಿತ್ತು ಅಂತ, ಹಿಂದೆ ಇಂಥದ್ದೇ ತೊಡಕು ಯಾರಿಗೆ ಬಂದಿತ್ತು, ಆಗ ಯಾವ ಕಾಗದ ಕೊಟ್ಟು ಬಿಡಿಸಿದೆವು ಅಂತ ಮಷಿನ್ ತೆಗೆದುಕೊಡ್ತದ. ಅಲ್ಲಿ ಹೋಲಿಕೆಯೇ ಬೇಕು, ಅದು ಅದರ ಕೆಲಸ. ಹನ್ನೆರಡು ಕೈಬರಹದ ರಜಿಸ್ಟರಿನಲ್ಲಿ ಅದನ್ನ ಹುಡುಕಲಿಕ್ಕೆ ಅಕ್ಕನಂಥ ಒಬ್ಬರು ಬೇಕು, ಅಕ್ಕ ಎಲ್ಲ ರವಿವಾರ ಬರಲಿಕ್ಕೆ ಆಗೋದಿಲ್ಲ.

ಈ ರವಿವಾರ ಮುಂಜಾನೆ ಹತ್ತಕ್ಕೆ ಫಾರ್ಮ್ ಕೆಲಸ ಮತ್ತೆ ಶುರು. ಪಡತಾಳಣಿ ಇರೋರು ಅಜ್ಜನದೋ ಮುತ್ತಜ್ಜನದೋ ಶಾಲೆಯ ದಾಖಲಾ ಇದ್ದರೆ ಜೆರಾಕ್ಸ್ ಬೇಡ, ಅಸಲು ತಗೊಂಡು ಬರ್ರಿ, ಅದರ ಮೇಲಿನ ಅಕ್ಷರ ನಾವು ಕಣ್ಣಾರೆ ನೋಡಿ ರಜಿಸ್ಟರಿನಲ್ಲಿ ಹಂಗೇ ಬರೀತೀವಿ. ಕಂಪ್ಯೂಟರಿನಲ್ಲಿ ನಮ್ಮದು ಬೇಡ ಅನ್ನೋರು ಹೇಳ್ರಿ, ಹಾಕೋದಿಲ್ಲ, ಕೆಲಸ ಮಾತ್ರ ಮಾಡಿಕೊಡ್ತೀವಿ. ಪೈಥಾನ್ ಕಲಿಯೋರು ಮಧ್ಯಾಹ್ನ ಮೂರಕ್ಕೆ ಬರ್ರಿ. ಹೆಣ್ಣುಮಕ್ಕಳು ಬಂದರೆ ಇನ್ನೂ ಚಲೋ, ಈಗ ಇರೋದು ಒಂದೇ ಲ್ಯಾಪ್‌ಟಾಪ್, ಅದರ ಮುಂದ ನಾವು ಹುಡುಗರೇ ಕೂತು ಬಿಡ್ತೀವಿ. ಜೈ ಭೀಮ್.